ಗಿನಾವಿ ಕಾಕಾನ ಗಂಟಲು

ಕೆಂಪು ಸಮುದ್ರದ ದಡದ ನಮ್ಮ ಕುಸೇರ್ ಊರಿನಲ್ಲಿ ಗಿನಾವಿ ಕಾಕಾನ ಗಂಟಲಿಗೆ ಹೊಗಳಿಕೆಗಿಂತ ಬೈಗುಳವೇ ಹೆಚ್ಚು ಸಿಕ್ಕಿದೆ. ರಂಜಾನ್ ತಿಂಗಳಲ್ಲಿ ಬೆಳಕು ಹರಿಯುವ ಮೊದಲು ಉಣ್ಣಬೇಕಲ್ಲ, ಅದಕ್ಕೆ ಊರನ್ನು ಎಬ್ಬಿಸುವುದು ಅವನ ಮನೆತನದ ಕೆಲಸ. ಕೊರಳಿಗೆ ಪುಟ್ಟ ತಮಟೆ, ಕೈಯಲ್ಲಿ ಚರ್ಮದ ಪಟ್ಟಿ. ಬೇರೆ ಊರುಗಳಲ್ಲಿ ತಮಟೆಯವರು ಬಡಿದುಕೊಂಡು ಮುಂದೆ ಹೋಗುತ್ತಾರಂತೆ. ಕಾಕಾ ಹಾಗಲ್ಲ. ಒಂದೊಂದು ಬಾಗಿಲಲ್ಲೂ ನಿಂತು ಮನೆಯ ಗಂಡಸರ, ಮಕ್ಕಳ ಹೆಸರು ಹಿಡಿದು ಕೂಗಬೇಕು. ಕೂಗಿಗೆ ಒಂದಿಷ್ಟು ಉಪ್ಪುಖಾರವನ್ನೂ ಹಚ್ಚಬೇಕು.

"ಏಳೋ ಶಾಝ್ಲಿ! ನಿನ್ನ ಗೊರಕೆಗೆ ಹೆದರಿ ಬಂದರಿನ ದೋಣಿಗಳೆಲ್ಲ ಹಗ್ಗ ಕಿತ್ಕೊಂಡು ಓಡ್ತಾ ಇವೆ!" ಎಂದು ಅವನು ನಮ್ಮ ಬಾಗಿಲಲ್ಲಿ ಅರಚಿದರೆ ಓಣಿಯೇ ನಗುತ್ತಿತ್ತು. ಶಾಝ್ಲಿ ಎಂದರೆ ನಾನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಿಟಕಿಯಿಂದ ಅವನ ಕಡೆಗೆ ಚಪ್ಪಲಿ ಎಸೆದದ್ದೂ ಉಂಟು. ಮರುದಿನ ಅವನೇ ಅದನ್ನು ತಂದುಕೊಟ್ಟು, "ಇನ್ನೊಂದೂ ಎಸೆದಿದ್ರೆ ಜೋಡಿ ಆಗ್ತಿತ್ತು," ಅನ್ನುತ್ತಿದ್ದ.

ಉಳಿದ ತಿಂಗಳುಗಳಲ್ಲಿ ಕಾಕಾ 'ಬರಕಾ' ಎಂಬ ಬೋಟಿನಲ್ಲಿ ಅಡುಗೆಯವನು. ಅದೇ ಬೋಟಿನಲ್ಲಿ ನಾನು ಗೈಡು. ಬಂದವರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಸಿ, ಹವಳದ ದಿಬ್ಬದ ಪಕ್ಕದಲ್ಲಿ ನೀರಿಗಿಳಿಸಿ, ಕೆಳಗಿನ ಲೋಕ ತೋರಿಸಿ ಮತ್ತೆ ಮೇಲೆ ತರುವುದು ನನ್ನ ಅನ್ನ. ಬೋಟು ನಡೆಸುವವನು ದಾಹಿ; ಬೋಟಿನ ಯಜಮಾನನನ್ನು ನಮ್ಮಲ್ಲಿ ರಯ್ಯಿಸ್ ಅನ್ನುತ್ತಾರೆ. ಬೋಟಿನಲ್ಲಿ ರಯ್ಯಿಸ್ ಹೇಳಿದ ಮಾತಿಗೆ ಎದುರಿಲ್ಲ, ಅಡುಗೆಮನೆ ಒಂದನ್ನು ಬಿಟ್ಟು. ಅಲ್ಲಿ ಕಾಕಾನದೇ ರಾಜ್ಯ. ಕಂದುಬಣ್ಣಕ್ಕೆ ತಿರುಗಿದ ಈರುಳ್ಳಿ ಹಾಕಿ ಅವನು ಮಾಡುವ ಮೀನಿನ ಅನ್ನದ ವಾಸನೆ ನೀರಿನಿಂದ ಮೇಲೆ ಬಂದವರ ಮೂಗಿಗೆ ತಾಗಿದರೆ, ಸಿಲಿಂಡರು ಬಿಚ್ಚುವ ಮೊದಲೇ ತಟ್ಟೆ ಹುಡುಕುತ್ತಿದ್ದರು.

ಕಾಕಾ ಮಾತ್ರ ಒಂದು ದಿನವೂ ನೀರಿಗೆ ಇಳಿದವನಲ್ಲ. ಬಾ ಕಾಕಾ, ಒಂದ್ಸಲ ಮುಖ ಅದ್ದಿ ನೋಡು, ಕೆಳಗೆ ದೇವರ ತೋಟ ಇದೆ ಎಂದು ನಾನು ಎಷ್ಟೋ ಸಲ ಕರೆದಿದ್ದೇನೆ. "ಮೀನನ್ನ ನಾನು ಬಾಣಲೆಯಲ್ಲಿ ನೋಡ್ತೀನಿ. ಅದರ ಮನೆಗೆ ಹೋಗಿ ಮುಖ ತೋರಿಸಿದ್ರೆ ಆಮೇಲೆ ಹುರಿಯೋಕೆ ಕೈ ಬರಲ್ಲ ಕಣೋ," ಎಂದು ಅವನು ಸೌಟು ಆಡಿಸುತ್ತಿದ್ದ. ಪ್ರವಾಸಿಗರ ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ. ಯಾರ ಹೊಟ್ಟೆಗೆ ಏನು ಸೇರುತ್ತದೆ ಎಂಬುದು ಮಾತ್ರ ವರ್ಷ ಕಳೆದರೂ ಮರೆಯುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅವನ ದನಿ ಒಡೆಯಿತು. ಮೊದಮೊದಲು ಶೀತ ಎಂದುಕೊಂಡೆವು. ಕೊನೆಗೆ ಕೆನಾ ಪಟ್ಟಣದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದ. ಗಂಟಲೊಳಗೆ ಗಂಟು ಕಟ್ಟಿದೆ, ಬಾಯಿ ಮುಚ್ಚಿಕೊಂಡಿದ್ದರೆ ಕರಗೀತು, ಅದಕ್ಕೆ ಮೊದಲು ಕೂಗಿದರೆ ದನಿ ಹೋದಂತೆಯೇ, ಮತ್ತೆ ಬರುವ ಆಸೆ ಇಟ್ಟುಕೊಳ್ಳಬೇಡ ಎಂದಿದ್ದರು ವೈದ್ಯರು.

"ಹೋದ್ರೆ ಹೋಗ್ಲಿ ಬಿಡು ಗಿನಾವಿ," ಎಂದ ರಯ್ಯಿಸ್ ದಾಹಿ ಚಹಾ ಹೀರುತ್ತ. "ಈಗೆಲ್ಲರ ತಲೆದಿಂಬಿನ ಕೆಳಗೂ ಮೊಬೈಲಿದೆ. ಅದೇ ಎಬ್ಬಿಸುತ್ತೆ."

"ಮೊಬೈಲು ಗಂಟೆ ಹೊಡೆಯುತ್ತೆ ರಯ್ಯಿಸ್. ದಾಹಿ ಅಂತ ನಿನ್ನ ಹೆಸರು ಕರೆಯುತ್ತಾ?" ಎಂದ ಕಾಕಾ. ಅಷ್ಟು ಹೇಳಿ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಅವನ ಲೆಕ್ಕ ಸರಳವಾಗಿತ್ತು. ರಂಜಾನ್ ಬರುವವರೆಗೆ ಮೌನ, ರಂಜಾನಿಗೆ ದನಿ.

ಮಾತಿನ ಮಲ್ಲ ಮೂಗನಾದರೆ ಹೇಗಿರುತ್ತದೆ ಎಂದು ನಾವು ಆಗ ನೋಡಿದೆವು. ಚಹಾ ಆಯಿತೆಂದು ಪಾತ್ರೆಯ ಮೇಲೆ ಸೌಟಿನಿಂದ ಒಂದು ಏಟು, ಊಟಕ್ಕೆ ಎರಡು. ನನ್ನ ಮೇಲೆ ಸಿಟ್ಟು ಬಂದರೆ ಏಟಿನ ಲೆಕ್ಕವೇ ಇಲ್ಲ. ಅವನ ಹೆಂಡತಿ ಸಂತೆಬೀದಿಯಲ್ಲಿ ಸಿಕ್ಕವಳು, "ಮದುವೆಯಾದಾಗಿನಿಂದ ಬೇಡ್ಕೊಂಡಿದ್ದೆ ಕಣಪ್ಪ, ದೇವರು ಈಗ ಕಣ್ಣು ಬಿಟ್ಟ," ಎಂದು ನಕ್ಕಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, "ಮನೆ ಬಿಕೋ ಅನ್ನುತ್ತೆ ಶಾಝ್ಲಿ. ಅವನ ಗಂಟಲು ಬೇಗ ವಾಸಿಯಾಗ್ಲಿ ಅಂತ ನೀನೂ ಕೇಳ್ಕೋ," ಎಂದಳು.

ರಂಜಾನಿಗೆ ಇನ್ನು ಕೆಲವೇ ದಿನ ಉಳಿದಿದ್ದಾಗ ಟಾಂಟಾ ಪಟ್ಟಣದಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಗಂಡ ಹಾತೆಮ್, ಹೆಂಡತಿ ದಾಲಿಯಾ. ಆ ದಿನ ಬೋಟಿಗೆ ಅವರಿಬ್ಬರೇ. ದಾಲಿಯಾ ಈರುಳ್ಳಿ ಮುಟ್ಟುವುದಿಲ್ಲ ಎಂದಾಗ ಕಾಕಾ ಹಣೆ ಚಚ್ಚಿಕೊಂಡ. ಹಾತೆಮ್ ಒಂದು ಲೋಟ ಚಹಾಕ್ಕೆ ಐದು ಚಮಚ ಸಕ್ಕರೆ ಸುರಿದುಕೊಂಡಾಗ ಸೌಟಿನಿಂದ ಸಲಾಮು ಹೊಡೆದ.

ಬಡಗಣ ಗಾಳಿ ಹಿತವಾಗಿತ್ತು. ದಿಬ್ಬದ ತೆಂಕಣ ತುದಿಯಲ್ಲಿ ಹಗ್ಗ ಕಟ್ಟಿ ನಿಂತೆವು. ನಾವು ಯಾವಾಗಲೂ ಅಲ್ಲೇ ನಿಲ್ಲುವುದು. ನಾನು ಅವರಿಬ್ಬರನ್ನು ಕರೆದುಕೊಂಡು ಹವಳದ ಗೋಡೆಯ ಮೂಡಣ ಮಗ್ಗುಲಿಗೆ ಇಳಿದೆ. ಎಷ್ಟು ಸಲ ಇಳಿದರೂ ನನಗೆ ಆ ಮೊದಲ ಉಸಿರಿನ ಹೊತ್ತಿಗೆ ಎದೆ ತುಂಬಿ ಬರುತ್ತದೆ. ಮೇಲಿನ ಜಗಳ, ಸಾಲ, ಬಿಸಿಲು ಒಂದೂ ಅಲ್ಲಿಗೆ ಇಳಿಯುವುದಿಲ್ಲ. ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಗೋಡೆಯ ತುಂಬ ಮಿಣುಕುತ್ತಿದ್ದವು. ಆಮೆಯೊಂದು ಮೆತ್ತನೆಯ ಹವಳವನ್ನು ಹುಲ್ಲಿನಂತೆ ಮೇಯುತ್ತಿತ್ತು. ದಾಲಿಯಾ ಅದನ್ನು ನೋಡಿ ನನ್ನ ಕೈ ಹಿಡಿದು ಕುಲುಕಿದಳು, ನಾನೇ ಅದನ್ನು ಸಾಕಿ ತಂದು ಬಿಟ್ಟವನೇನೋ ಎಂಬಂತೆ. ಈ ಕೆಲಸ ಕೊಟ್ಟ ದೇವರಿಗೆ ನಾನು ದಿನಾ ಶರಣು ಅನ್ನುವುದು ಸುಮ್ಮನೆ ಅಲ್ಲ.

ಗೋಡೆಯ ತಿರುವಿನಲ್ಲಿ ಸೆಳೆತ ಹಿಡಿಯಿತು. ಹಾತೆಮ್ ಹೆದರಿ ಕೈಕಾಲು ಬಡಿದ, ಗಾಳಿ ಬೇಗ ಖರ್ಚು ಮಾಡಿಕೊಂಡ. ಇಬ್ಬರನ್ನೂ ಹಿಡಿದು ಮೆಲ್ಲಗೆ ಮೇಲೆ ತಂದೆ. ತಲೆ ಎತ್ತಿ ನೋಡಿದರೆ ಬೋಟಿಲ್ಲ. ದಿಬ್ಬವೂ ಇಲ್ಲ, ತೀರವೂ ಇಲ್ಲ. ನಾವು ಕೆಳಗಿದ್ದ ಹೊತ್ತಿನಲ್ಲಿ ಮರುಭೂಮಿಯ ಕಡೆಯಿಂದ ದೂಳಿನ ಗಾಳಿ ಎದ್ದಿತ್ತು. ಆಕಾಶ, ನೀರು ಎರಡೂ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿದ್ದವು.

ಬೋಟಿಗೆ ಗುರುತು ಸಿಗಲೆಂದು ಒಯ್ದಿದ್ದ ಕಿತ್ತಳೆ ಬಣ್ಣದ ಉದ್ದ ಬಲೂನಿಗೆ ಗಾಳಿ ತುಂಬಿ ಎತ್ತಿ ಹಿಡಿದೆ. ಅದರ ತುದಿ ನನಗೇ ಮಸುಕಾಗಿ ಕಾಣುತ್ತಿತ್ತು. ಸೀಟಿ ಊದಿದರೆ ಗಾಳಿ ಅದನ್ನು ಬಾಯಿಂದಲೇ ಕಿತ್ತು ಹಿಂದಕ್ಕೆ ಒಯ್ಯುತ್ತಿತ್ತು. ಗಾಳಿ ಪಡುವಣದಿಂದ ಬೀಸುತ್ತಿತ್ತು, ನಮ್ಮನ್ನು ಮೂಡಣಕ್ಕೆ ತಳ್ಳುತ್ತಿತ್ತು.

"ಈ ಕಡೆ ಏನಿದೆ ಕ್ಯಾಪ್ಟನ್?" ಎಂದು ದಾಲಿಯಾ ನನ್ನನ್ನು ಕೇಳಿದಳು. ಪ್ರವಾಸಿಗರಿಗೆ ಗೈಡೂ ಕ್ಯಾಪ್ಟನ್ನೇ.

"ಸೌದಿ ಅರೇಬಿಯಾ."

"ವೀಸಾ ಮಾಡಿಸಿಲ್ವಲ್ಲ," ಎಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಹಾತೆಮ್ ಉಪ್ಪುನೀರು ಕುಡಿದು ವಾಂತಿ ಮಾಡುತ್ತಿದ್ದ. ಅವನ ಜಾಕೆಟ್ಟನ್ನು ಹಿಡಿದುಕೊಂಡು ನಾನು ಯಾವ ದಿಕ್ಕಿಗೆ ಈಜಲಿ ಎಂದು ತಿಳಿಯದೆ ತೇಲುತ್ತಿದ್ದೆ. ಅಲೆ ನಾಲ್ಕೂ ಕಡೆಯಿಂದ ಮುಖಕ್ಕೆ ಬಡಿಯುತ್ತಿತ್ತು. ಕೋಪದವನೆಂದು ಹೆಸರಾದ ನಾನು ಆಗ ಕೋಪಿಸಿಕೊಳ್ಳಲೂ ಆಗದಷ್ಟು ಹೆದರಿದ್ದೆ.

ಬೋಟಿನಲ್ಲಿ ಆದದ್ದನ್ನು ಆಮೇಲೆ ರಯ್ಯಿಸ್ ಹೇಳಿದ. ಬೋಟಿನ ಹಾರ್ನು ಚಳಿಗಾಲದಿಂದ ಕೆಟ್ಟು ಕೂತಿತ್ತು. ರಿಪೇರಿ ನಾಳೆ, ನಾಡಿದ್ದು ಎಂದೇ ಕಾಲ ಹೋಗಿತ್ತು. ರಬ್ಬರು ದೋಣಿ ಇಳಿಸಿ ಹೊರಟ, ಬೋಟಿನಲ್ಲೇ ದುಡಿಯುವ ರಯ್ಯಿಸನ ತಮ್ಮ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೋಟೇ ಕಾಣದಾಗಿ, ತಡಕಾಡುತ್ತ ಬರಿಗೈಯಲ್ಲಿ ಮರಳಿದ. ಸುತ್ತ ಹಲ್ಲಿನಂತೆ ಹವಳದ ದಿಬ್ಬಗಳಿರುವ ಜಾಗದಲ್ಲಿ ಕಣ್ಣು ಕಟ್ಟಿಕೊಂಡು ಬೋಟು ಬಿಡುವುದು ಸಾಧ್ಯವಿರಲಿಲ್ಲ. ರಯ್ಯಿಸ್ ಕೂಗಿದ. ಅವನ ದನಿ ಕೋಳಿಯ ದನಿ, ಅವನೇ ಒಪ್ಪುತ್ತಾನೆ. ಆಗ ಕಾಕಾ ಮೀನಿನ ಅನ್ನದ ದೊಡ್ಡ ಪಾತ್ರೆಯನ್ನು ಬಗ್ಗಿಸಿ ಅನ್ನವನ್ನೆಲ್ಲ ಸಮುದ್ರಕ್ಕೆ ಸುರಿದ. ಖಾಲಿ ಪಾತ್ರೆ ಹಿಡಿದು ಮೇಲಿನ ಅಟ್ಟಕ್ಕೆ ಹತ್ತಿದ. ಎಂಜಿನ್ ನಿಲ್ಲಿಸು ಎಂದು ಕೈಯಲ್ಲೇ ಸನ್ನೆ ಮಾಡಿದ.

"ಬೇಡ ಗಿನಾವಿ! ಪಾತ್ರೆ ಬಡಿ, ಸಾಕು. ಗಂಟಲು ಬೇಡ!" ಎಂದು ರಯ್ಯಿಸ್ ಅವನ ತೋಳು ಹಿಡಿದನಂತೆ. ಕಾಕಾ ಒಂದಿಷ್ಟು ಹೊತ್ತು ಪಾತ್ರೆಯನ್ನೇ ಬಡಿದ. ಆ ಶಬ್ದವನ್ನು ಗಾಳಿ ಚೂರುಚೂರು ಮಾಡಿ ಎಲ್ಲೆಲ್ಲೋ ಎಸೆಯುತ್ತಿತ್ತು. ಅವನು ರಯ್ಯಿಸನ ಕೈ ಬಿಡಿಸಿಕೊಂಡು ಎದೆ ತುಂಬ ಉಸಿರೆಳೆದ.

ನನಗೆ ಕೇಳಿಸಿದ್ದು ಅದು. "ಏಳೋ ಶಾಝ್ಲಿ!"

ಮೊದಲು ಭ್ರಮೆ ಅಂದುಕೊಂಡೆ. ಸಾಯುವವನಿಗೆ ಮನೆಯ ಬಾಗಿಲು ನೆನಪಾಗುತ್ತದೆ ಎನ್ನುತ್ತಾರಲ್ಲ. ಮತ್ತೆ ಬಂತು, ಗಾಳಿಯ ಬೆನ್ನೇರಿ, ಸ್ವಚ್ಛವಾಗಿ. "ಏಳೋ ಶಾಝ್ಲಿ! ಐದು ಸಕ್ಕರೆಯವನೇ, ಏಳು! ಈರುಳ್ಳಿ ಬೇಡದವಳೇ, ಎಲ್ಲಿದ್ದೀಯವ್ವಾ!"

"ಅದು ನಾನೇ!" ಎಂದು ದಾಲಿಯಾ ಕಿರುಚಿದಳು. ನಗುತ್ತ ಅಳುತ್ತ, "ಹಾತೆಮ್, ನಮ್ಮನ್ನೇ ಕರೀತಿದ್ದಾರೆ, ಕೇಳಿಸ್ತಾ?" ಎಂದು ಗಂಡನ ಕೆನ್ನೆ ತಟ್ಟಿದಳು.

ನಾವು ಕೊಟ್ಟ ಉತ್ತರ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಗಾಳಿ ಅವನಿಗೆ ಬೆನ್ನು, ನಮಗೆ ಎದುರು. ಅವನಿಗೆ ನಾವು ಇದ್ದೇವೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಬಿಡದೆ ಕೂಗುತ್ತಿದ್ದ. ನಾವು ಆ ದನಿಗೆ ಮುಖ ಮಾಡಿ ಈಜತೊಡಗಿದೆವು. ಹಾತೆಮ್‌ನನ್ನು ನಾನು ಎಳೆಯುತ್ತಿದ್ದೆ, ದಾಲಿಯಾ ತಳ್ಳುತ್ತಿದ್ದಳು. ದನಿ ಹತ್ತಿರವಾಗುತ್ತದೆ ಅನ್ನಿಸುತ್ತಿತ್ತು, ಒಂದು ದೊಡ್ಡ ಅಲೆ ಬಂದರೆ ಮತ್ತೆ ದೂರ. ನನ್ನ ಎರಡೂ ಮೀನಖಂಡಗಳು ಕಲ್ಲಿನ ಹಾಗೆ ಹಿಡಿದುಕೊಂಡವು. ನಾನು ನಿಂತೆ. ಬೆನ್ನ ಮೇಲೆ ಮಲಗಿದೆ. ಸಾಕು ಅನ್ನಿಸಿತು. ಸಾಕು ಎನ್ನುವುದು ಅಷ್ಟು ಸಿಹಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದಾಲಿಯಾ ನನ್ನ ಹೆಸರು ಕರೆಯುತ್ತಿದ್ದಳು. ನಾನು ಕಣ್ಣು ಮುಚ್ಚಿದೆ.

ಆಗ ಆ ಮುದುಕ ಕೂಗಿದ. "ಶಾಝ್ಲೀ! ಏಯ್, ವಹೀಬಾಳ ಮಗನೇ!"

ಕಣ್ಣು ತಾನಾಗಿ ತೆರೆಯಿತು. ವಹೀಬಾ ನನ್ನ ಅಮ್ಮನ ಹೆಸರು. ನಮ್ಮಲ್ಲಿ ಗಂಡಸಿನ ತಾಯಿಯ ಹೆಸರನ್ನು ಹೊರಗಿನವರು ಬಾಯಿಗೆ ತರುವುದಿಲ್ಲ. ತಂದರೆ ಅಂಗಿಯ ಕಾಲರು ಹರಿಯುತ್ತದೆ. ಶಾಲೆಯಲ್ಲಿ ಮಕ್ಕಳು ತಾಯಿಯ ಹೆಸರನ್ನು ಮುಚ್ಚಿಡುತ್ತಾರೆ. ಮದುವೆಯ ಕರೆಯೋಲೆಯಲ್ಲೂ ಅದು ಇರುವುದಿಲ್ಲ. ಊರಿಗೆಲ್ಲ ಅಮ್ಮ ಬರೀ ಉಮ್ ಶಾಝ್ಲಿ, ಶಾಝ್ಲಿಯ ತಾಯಿ. ಕಾಕಾ ಅವಳ ಓಣಿಯಲ್ಲೇ ಆಡಿ ಬೆಳೆದವನಾದ್ದರಿಂದ ಅವನಿಗೆ ಹೆಸರು ಗೊತ್ತಿತ್ತು. ಗೊತ್ತಿದ್ದರೇನು, ಕೂಗುವುದೇ?

"ವಹೀಬಾ ಹೆತ್ತದ್ದು ಗಂಡುಮಗನನ್ನೋ, ಬಲೆಗೆ ಕಟ್ಟೋ ಬೆಂಡನ್ನೋ? ತೇಲ್ತಾನೇ ಇರ್ತೀಯೇನೋ ವಹೀಬಾಳ ಮಗನೇ!"

ನನ್ನ ಮೈಯ ರಕ್ತವೆಲ್ಲ ನೆತ್ತಿಗೆ ಏರಿತು. ಚಳಿ ಎಲ್ಲಿ ಹೋಯಿತೋ, ಕಾಲಿನ ನೋವು ಎಲ್ಲಿ ಹೋಯಿತೋ. ಹಾತೆಮ್‌ನ ಜಾಕೆಟ್ಟಿಗೆ ಕೈ ಹಾಕಿ, ಸಮುದ್ರಕ್ಕೂ ಆ ಮುದುಕನಿಗೂ ಸೇರಿಸಿ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಕಾಲು ಬಡಿದೆ. ಅವನ ಕತ್ತು ಹಿಸುಕುವುದೊಂದೇ ಗುರಿಯಾಗಿತ್ತು. ಅವನೋ ನಿಲ್ಲಿಸುತ್ತಲೇ ಇಲ್ಲ. ದನಿ ಈಗ ಒಡೆದಿತ್ತು, ಹರಿದ ಬಟ್ಟೆಯಂತಾಗಿತ್ತು. ಆದರೂ ವಹೀಬಾ, ವಹೀಬಾ ಎಂದು ಕೆಂಪು ಸಮುದ್ರಕ್ಕೆಲ್ಲ ನನ್ನ ತಾಯಿಯ ಹೆಸರು ಸಾರುತ್ತಿದ್ದ. ದೂಳಿನೊಳಗಿಂದ ಬೋಟಿನ ಬಿಳಿ ಹೊಟ್ಟೆ ಎದ್ದು ಬಂತು. ಏಣಿ ಕೈಗೆ ಸಿಕ್ಕಿತು.

ದಾಲಿಯಾ, ಹಾತೆಮ್ ಇಬ್ಬರನ್ನೂ ರಯ್ಯಿಸ್ ಮೇಲೆಳೆದುಕೊಂಡ. ನಾನು ಸಿಲಿಂಡರು ಬಿಚ್ಚಿ ಎಸೆದವನೇ ಕುಂಟುತ್ತ ಹೋಗಿ ಅಟ್ಟದಿಂದ ಇಳಿಯುತ್ತಿದ್ದ ಕಾಕಾನ ಕಾಲರು ಹಿಡಿದೆ. "ನನ್ನಮ್ಮನ ಹೆಸರು ತೆಗೆಯೋಕೆ ನೀನ್ಯಾರೋ?"

ಅವನು ಉತ್ತರ ಹೇಳಲು ಬಾಯಿ ತೆರೆದ. ತುಟಿ ಆಡಿತು, ಗಂಟಲು ಮೇಲೆ ಕೆಳಗೆ ಹೋಯಿತು. ಸದ್ದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಬರಲಿಲ್ಲ. ಆಮೇಲೆ ಭುಜ ಕುಣಿಸಿ ನಕ್ಕ, ಅದಕ್ಕೂ ಸದ್ದಿರಲಿಲ್ಲ. ನನ್ನ ಕೈ ಅವನ ಕಾಲರಿನಲ್ಲೇ ಇತ್ತು. ನಾನು ಅವನ ಎದೆಗೆ ಹಣೆ ಒರಗಿಸಿ ಮಗುವಿನ ಹಾಗೆ ಅತ್ತೆ. ಅವನು ನನ್ನ ಒದ್ದೆ ತಲೆಯನ್ನು ತಟ್ಟಿ, ಅಡುಗೆಮನೆಗೆ ಹೋಗಿ ಚಹಾ ತಂದ. ಹಾತೆಮ್‌ನ ಲೋಟಕ್ಕೆ ಆ ದಿನ ಆರು ಚಮಚ ಸಕ್ಕರೆ ಹಾಕಿದ್ದ.

ದನಿ ಮತ್ತೆ ಬರಲಿಲ್ಲ. ಕೆನಾದ ವೈದ್ಯರು ಬೈದು ಕಳಿಸಿದರು. ಪಿಸುಗುಡುವಷ್ಟು ಉಸಿರು ಮಾತ್ರ ಉಳಿಯಿತು. ನಾನು ಬದುಕಿರುವುದು ಅವನ ಗಂಟಲಿನ ಖರ್ಚಿನಲ್ಲಿ. ಇದನ್ನು ನಾನು ಚಹಾದಂಗಡಿಯಲ್ಲಿ, ಮಸೀದಿಯ ಮೆಟ್ಟಿಲಲ್ಲಿ, ಬಂದರಿನಲ್ಲಿ ಕಂಡಕಂಡವರಿಗೆ ಹೇಳಿದೆ, ಈಗಲೂ ಹೇಳುತ್ತೇನೆ. ಊರಿಗೆಲ್ಲ ಗೊತ್ತಾಯಿತು. ಅಮ್ಮನೊಬ್ಬಳಿಗೆ ಗೊತ್ತಾಗಲಿಲ್ಲ. ಅವಳಿಗೆ ಹೇಳಬೇಕಾದರೆ ಅವಳ ಹೆಸರನ್ನೂ ಹೇಳಬೇಕಲ್ಲ, ಯಾರಿಗೆ ಧೈರ್ಯ?

ರಂಜಾನ್ ಬಂತು. ಕಾಕಾ ತಮಟೆ ಹಿಡಿದು ಹೊರಟ. ಬರೀ ತಮಟೆ, ಹೆಸರಿಲ್ಲ. ಪ್ರತಿ ಬಾಗಿಲಲ್ಲೂ ನಿಂತು ಬಡಿದು ಹೋಗುತ್ತಿದ್ದ. ನಮ್ಮ ಬಾಗಿಲನ್ನು ಮಾತ್ರ ದಾಟಿ ಹೋಗುತ್ತಿದ್ದ, ಎದುರು ಗೋಡೆಗೆ ಮೈ ತಾಗಿಸಿಕೊಂಡು, ತಲೆ ತಗ್ಗಿಸಿ. ನಾನು ಎರಡು ಸಲ ಹಿಡಿದು ನಿಲ್ಲಿಸಿ ಕೇಳಿದೆ. ಅಮ್ಮನ ಕಿಟಕಿಯ ಕಡೆ ಬೆರಳು ತೋರಿಸಿ, ತಪ್ಪಾಯಿತೆಂಬಂತೆ ಕಿವಿ ಮುಟ್ಟಿಕೊಂಡು ಹೋಗಿಬಿಟ್ಟ.

ಹಬ್ಬದ ಹಿಟ್ಟಿನ ಬಿಲ್ಲೆಗಳನ್ನು ಬೇಯಿಸಲು ಹೆಂಗಸರು ಒಲೆಯ ಮುಂದೆ ಸೇರಿದಾಗ ಅಮ್ಮ ಬಂದೊಡನೆ ಮಾತು ನಿಲ್ಲುತ್ತಿತ್ತಂತೆ. ಈದ್ ಹಬ್ಬದ ಬೆಳಿಗ್ಗೆ ನಾನು ನಮಾಜು ಮುಗಿಸಿ ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ಕಾದು ನಿಂತಿದ್ದಳು.

"ಗಿನಾವಿ ನಮ್ಮ ಮನೆ ಮುಂದೆ ಯಾಕೆ ನಿಲ್ಲಲ್ಲ? ನಿನ್ನ ಹಾಳು ಕೋಪದಲ್ಲಿ ಅವನಿಗೆ ಏನಂದೆ?"

"ನಾನೇನೂ ಅಂದಿಲ್ಲಮ್ಮ."

"ಸುಳ್ಳು ಹೇಳ್ಬೇಡ. ಹೆತ್ತವಳು ನಾನು."

ಹೇಳಿದೆ. ಗಾಳಿ, ದೂಳು, ಮುಚ್ಚಿದ ಕಣ್ಣು, ಕೂಗು, ಎಲ್ಲವನ್ನೂ. ಅವಳ ಹೆಸರಿನ ಜಾಗ ಬಂದಾಗ ತಡವರಿಸಿ ನೆಲ ನೋಡಿಕೊಂಡು ಹೇಳಿದೆ. ಅಮ್ಮ ಒಳಗೆ ಹೋದಳು. ಕಪ್ಪು ಶಾಲು ತಲೆಯ ಮೇಲೆ ಎಳೆದುಕೊಂಡಳು. ಸಕ್ಕರೆ ಪುಡಿ ಉದುರಿಸಿದ ಬಿಲ್ಲೆಗಳ ತಟ್ಟೆ ಎತ್ತಿಕೊಂಡು ಓಣಿಗೆ ಇಳಿದಳು. ನಾನು ಹಿಂದೆಯೇ ಓಡಿದೆ. ನನ್ನ ಕೋಪ ಎಲ್ಲಿಂದ ಬಂದದ್ದೆಂದು ಊರಿಗೆಲ್ಲ ಗೊತ್ತು.

ಹಬ್ಬದ ಬೆಳಿಗ್ಗೆ ತಮಟೆಯವನು ಕಾಣಿಕೆಗೆ ಮನೆಮನೆಗೆ ಬರುವುದು ವಾಡಿಕೆ. ಕಾಕಾ ಹೊಸ ಜುಬ್ಬ ತೊಟ್ಟು ಪಕ್ಕದ ಮನೆಯವರೆಗೆ ಬಂದಿದ್ದ. ಅಮ್ಮನನ್ನು ಕಂಡವನೇ ಗೋಡೆಗೆ ಸರಿದು, ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ. ಕ್ಷಮಿಸು ಎಂದು ತುಟಿ ಆಡಿತು.

"ನನ್ನ ಹೆಸರು ಕೂಗಿದೆಯಂತೆ," ಎಂದಳು ಅಮ್ಮ.

ಅವನು ತಲೆ ಎತ್ತಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು.

"ಮೀನಿಗೆ ಕೇಳಿಸಿತು, ಟಾಂಟಾದವರಿಗೆ ಕೇಳಿಸಿತು, ಇವನಿಗೆ ಕೇಳಿಸಿತು. ನನಗೆ ಕೇಳಿಸ್ಲಿಲ್ಲ ಗಿನಾವಿ." ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನನ್ನಮ್ಮ ಸತ್ತ ಮೇಲೆ ಆ ಹೆಸರು ಹಿಡಿದು ನನ್ನನ್ನ ಯಾರೂ ಕರೆದಿಲ್ಲ. ನನ್ನ ಮಗನ್ನ ತಂದುಕೊಟ್ಟ ಹೆಸರು ಹೇಗಿತ್ತು ಅಂತ ನಾನೂ ಕೇಳ್ಬೇಕು. ಕರಿ."

ಕಾಕಾ ಗಾಬರಿಯಿಂದ ನನ್ನ ಕಡೆ ನೋಡಿದ. ಮನೆಯ ಗಂಡಸು ನಾನಲ್ಲವೇ. ಇಡೀ ಓಣಿಯೂ ನನ್ನ ಕಡೆಗೇ ನೋಡುತ್ತಿತ್ತು.

"ಕರಿ ಕಾಕಾ," ಎಂದೆ.

ಅವನು ಉಸಿರೆಳೆದುಕೊಂಡ. ಕತ್ತಿನ ನರಗಳು ಉಬ್ಬಿದವು. ಊರನ್ನೇ ಎಬ್ಬಿಸುತ್ತಿದ್ದ ಆ ಗಂಟಲಿನಿಂದ ಬಂದದ್ದು ಬರೀ ಗಾಳಿ. ಅಮ್ಮ ಒಂದು ಹೆಜ್ಜೆ ಮುಂದಿಟ್ಟು, ಶಾಲು ಸರಿಸಿ, ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದಳು.

"ವಹೀಬಾ," ಎಂದ.

ಅಮ್ಮ ಕಣ್ಣು ಮುಚ್ಚಿಕೊಂಡು, ಚಿಕ್ಕ ಹುಡುಗಿಯ ಹಾಗೆ, "ಓ," ಎಂದಳು.